ಗುಂಡಿಗೆ ಹೋಗಬೇಕಿದ್ದ ಹೂವು

ಫೆಬ್ರವರಿ 9

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಬೈಗುಳ. ಎರಡು ತಿಂಗಳಿಂದ ನಿನ್ನ ಕಡೆಯಿಂದ ಒಂದು ಸಾಲಿಲ್ಲ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆ, ನೀನು “ಹಾಂ? ಯಾರು?” ಅನ್ನುವುದರೊಳಗೆ ಕರೆ ಮುಗಿದಿರುತ್ತದೆ. ದಿನಕ್ಕೆ ನೂರು ಗುಲಾಬಿ ಸಸಿಗೆ ಕಸಿ ಕಟ್ಟುವ ಕೈಗೆ ತಮ್ಮನಿಗೆ ನಾಲ್ಕು ಅಕ್ಷರ ಗೀಚಲು ಏನು ಧಾಡಿ?

ನಾನು ಚೆನ್ನಾಗಿದ್ದೇನೆ. ಈ ಸ್ಮಶಾನದ ಮಾಲಿಯಾಗಿ ಮೊನ್ನೆಗೆ ಒಂದು ವರ್ಷ ಎರಡು ತಿಂಗಳು. ಗೇಟಿನ ಪಕ್ಕದ ಮನೆ ಕೆಲಸದ ಜೊತೆಗೇ ಬಂದದ್ದು, ಸೋರುವುದಿಲ್ಲ. ನೆರೆಹೊರೆಯವರೂ ಒಳ್ಳೆಯವರು, ಯಾರೂ ಸದ್ದು ಮಾಡುವುದಿಲ್ಲ.

ನಮ್ಮಲ್ಲಿ ಗುರುವಾರ ಕತ್ತರಿ ದಿನ. ಗುಲಾಬಿ ಪೂರ್ತಿ ಅರಳಿದ ಕೂಡಲೇ ಕತ್ತರಿಸಬೇಕು, ಇಲ್ಲವಾದರೆ ಗಿಡ ಮುಂದಿನ ಮೊಗ್ಗು ಬಿಡಲು ಸೋಮಾರಿತನ ಮಾಡುತ್ತದೆ. ಇದೆಲ್ಲ ನಿನಗೇನು ಹೊಸದಲ್ಲ. ಕತ್ತರಿಸಿದ್ದೆಲ್ಲ ಗೊಬ್ಬರದ ಗುಂಡಿಗೇ ಹೋಗಬೇಕು, ಒಂದು ದಳವನ್ನೂ ಬೇರೆ ಕಡೆ ಒಯ್ಯಕೂಡದು ಎಂದು ಗೇಟಿನಲ್ಲೇ ಫಲಕ. ಹಿಂದೆ ಯಾರೋ ಹೂ ಕದ್ದು ಹೊರಗೆ ಮಾರಿದರಂತೆ, ಅವರ ಪಾಪ ಇನ್ನೂ ನಮ್ಮ ತಲೆಯ ಮೇಲಿದೆ. ನೀರು ಬಿಡುತ್ತಿದ್ದವನು ಕಳೆದ ವರ್ಷ ಮಗಳಿಗೆಂದು ಮೂರು ಹೂ ಜೇಬಿಗೆ ಹಾಕಿಕೊಂಡು ಸಿಕ್ಕಿಬಿದ್ದ. ಸಂಜೆಯೊಳಗೆ ಅವನ ಪಾತ್ರೆ ಪಡಗ ರಸ್ತೆಯಲ್ಲಿತ್ತು. ನಮ್ಮ ಮೇಲ್ವಿಚಾರಕರು ಅಂಥವರು. ಸೊಂಟದಲ್ಲಿ ಸದಾ ಕೀಲಿಗೊಂಚಲು ಝಣಝಣ ಅನ್ನುತ್ತಿರುತ್ತದೆ, ಅದಕ್ಕೇ ನಾನು ಅವರನ್ನು ಕೀಲಿ ಸಾಹೇಬರು ಅನ್ನುವುದು.

ಆದರೆ ನೀನು ಹೇಳಿದ್ದೆಯಲ್ಲ, “ಅರಳಿದ ಹೂವನ್ನ ಗುಂಡಿಗೆ ಎಸೆದ್ರೆ ಕೈ ಸೇದಿಹೋಗುತ್ತೆ ಕಣೋ, ಯಾರೂ ಬರದವರ ಹತ್ರ ಇಡು” ಅಂತ. ಇಡುತ್ತಿದ್ದೇನೆ. ಹನ್ನೊಂದು ಸಮಾಧಿ, ಹನ್ನೊಂದು ಹಳೇ ಡಬ್ಬಿ. ಸತ್ತವರ ಕಡೆಯವರು ತಂದಿಟ್ಟದ್ದೆಂದು ಕೀಲಿ ಸಾಹೇಬರು ಅಂದುಕೊಂಡಿದ್ದಾರೆ. ಯಾರಿಗೆ ಯಾರೂ ಬರುವುದಿಲ್ಲವೆಂದು ಹುಲ್ಲೇ ಹೇಳುತ್ತದೆ. ಬಂದವರು ಕಲ್ಲಿನ ಮುಂದೆ ನಿಲ್ಲುವ ಜಾಗ ಸವೆದು ಬೋಳಾಗುತ್ತದೆ. ಅಲ್ಲಿ ಹುಲ್ಲು ಮೊಣಕಾಲುದ್ದ ಇದ್ದರೆ ಪಾಪದ ಪ್ರಾಣಿಯನ್ನು ಜನ ಮರೆತಿದ್ದಾರೆ ಎಂದರ್ಥ.

ಮೊನ್ನೆ ಅಂಥದೇ ಒಂದರ ಮುಂದೆ ಒಬ್ಬ ಮುದುಕಿ ಬಂದು ನಿಂತಿದ್ದಳು! ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕೊಡೆ. ಮೂಲೆಯ ಸಾಲಿನ ಆ ಕಲ್ಲು ಅವಳ ಗಂಡನದಂತೆ. ಮೊದಲು ವಾರವಾರ ಬರುತ್ತಿದ್ದಳು, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಒಂದೂವರೆ ವರ್ಷ ಮಗಳ ಊರಿನಲ್ಲಿ ಮಲಗಿದ್ದಳು. ನಾನು ಕೆಲಸಕ್ಕೆ ಸೇರಿದ್ದು ಆಮೇಲೆ, ನನಗೆ ಹೇಗೆ ಗೊತ್ತಾಗಬೇಕು? ಕಲ್ಲಿನ ಮೇಲೆ ಅವನ ಹೆಸರಿನ ಕೆಳಗೆ ಅವಳ ಹೆಸರನ್ನೂ ಹುಟ್ಟಿದ ವರ್ಷವನ್ನೂ ಆಗಲೇ ಕೆತ್ತಿಸಿಟ್ಟಿದ್ದಾಳೆ. ಮುಂದೆ ಒಂದು ಗೆರೆ, ಆಮೇಲೆ ಖಾಲಿ ಜಾಗ.

ಡಬ್ಬಿಯಲ್ಲಿದ್ದ ಹಳದಿ ಗುಲಾಬಿ ನೋಡಿ, “ಇದನ್ನ ಯಾರಪ್ಪಾ ಇಟ್ಟಿದ್ದು?” ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಝಣಝಣ. “ಗೊತ್ತಿಲ್ಲಮ್ಮ” ಅಂದೆ. “ಎಷ್ಟು ದಿನದಿಂದ ಇಡ್ತಾ ಇದಾರೆ?” ಅಂದಳು. “ನಾನು ಬಂದಾಗಿಂದ ನೋಡ್ತಾ ಇದೀನಿ” ಅಂದೆ. ಸುಳ್ಳಲ್ಲವಲ್ಲ!

ಅವಳ ಮುಖ ಕೆಂಪಗಾಯಿತು, ತುಟಿ ನಡುಗಿತು. ಓಡಿಹೋಗಿ ನನ್ನ ಸ್ಟೂಲು ತಂದು ಕೂರಿಸಿದೆ, ಬಿಸಿಲಿಗೆ ಅವಳ ಕೊಡೆ ನಾನೇ ಹಿಡಿದು ನಿಂತೆ. ಅರ್ಧ ಗಂಟೆ ಆ ಹೂವನ್ನೇ ನೋಡುತ್ತಾ ಕೂತಿದ್ದಳು. ತಾನಿಲ್ಲದಾಗಲೂ ಗಂಡನನ್ನು ಯಾರೋ ನೋಡಿಕೊಂಡರೆಂದು ಅವಳ ಮನಸ್ಸು ತುಂಬಿ ಬಂದಿರಬೇಕು. ನನಗೂ ಆ ದಿನವೆಲ್ಲ ಖುಷಿಯೋ ಖುಷಿ.

ನಿನ್ನ ತಮ್ಮ


ಫೆಬ್ರವರಿ 19

ತಮ್ಮಾ,

ಅಕ್ಷರ ನೋಡಿ ಗಾಬರಿಯಾಗಬೇಡ, ಇದು ಪಕ್ಕದ ಮನೆಯ ಟೈಲರಮ್ಮನ ಬರಹ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ನರ್ಸರಿಯಲ್ಲಿ ಇದು ಕಸಿ ಕಟ್ಟುವ ಕಾಲ, ನನಗೆ ಕೈ ಬಿಡುವಿಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ, ಉಣ್ಣುತ್ತೇನೆ, ಮಲಗುತ್ತೇನೆ. ಅಷ್ಟು ಸಾಕಲ್ಲ?

ಆ ಮುದುಕಿಯ ಸಂಗತಿ ಓದಿಸಿಕೊಂಡು ನನ್ನ ಕಣ್ಣೂ ಒದ್ದೆಯಾಯಿತು, ಟೈಲರಮ್ಮನದೂ ಆಯಿತು. ನೀನು ಚಿಕ್ಕವನಿದ್ದಾಗ ಬೀದಿನಾಯಿಗೆ ನಿನ್ನ ಪಾಲಿನ ಹಾಲು ಹಾಕಿ ಬಂದು “ಬೆಕ್ಕು ಕುಡೀತು” ಅನ್ನುತ್ತಿದ್ದವನು. ಆ ಬುದ್ಧಿ ಇನ್ನೂ ಹೋಗಿಲ್ಲ ನೋಡು, ಬಾಯಿಮಾತಿಗೆ ಬೈಯುತ್ತಿದ್ದೇನೆ, ಒಳಗೆ ಹೆಮ್ಮೆ.

ಯಾರಿಟ್ಟರೆಂದು ನೀನು ಹೇಳದಿದ್ದದ್ದೇ ಒಳ್ಳೆಯದಾಯಿತು. ಮಾಡಿದ ಉಪಕಾರವನ್ನು ಆಡಿಕೊಳ್ಳಬಾರದು. ಕೀಲಿ ಸಾಹೇಬರ ಕಣ್ಣಿಗೆ ಮಾತ್ರ ಬೀಳಬೇಡ. ಆ ಕೆಲಸವನ್ನು ಗಟ್ಟಿಯಾಗಿ ಹಿಡಿದುಕೋ.

ಹಾಗೇ ಸುಮ್ಮನೆ ಕೇಳುತ್ತೇನೆ, ನಿನ್ನ ಮನೆಯಲ್ಲಿ ಹಿಂದುಗಡೆ ಒಂದು ಸಣ್ಣ ಕೋಣೆ ಇದೆ ಅಂದಿದ್ದೆಯಲ್ಲ, ಅದಕ್ಕೆ ಬಿಸಿಲು ಬೀಳುತ್ತದಾ?

ಅಕ್ಕ


ಮಾರ್ಚ್ 6

ಅಕ್ಕಾ,

ನೀನೀಗ ದೊಡ್ಡ ಮನುಷ್ಯಳಾದೆ ಬಿಡು, ಕಾಗದಕ್ಕೆ ಗುಮಾಸ್ತೆ ಬೇರೆ! ಟೈಲರಮ್ಮನ ಅಕ್ಷರ ಹೊಲಿಗೆ ಹಾಕಿದ ಹಾಗೆ ಅಚ್ಚುಕಟ್ಟಾಗಿದೆ, ನಿನ್ನ ಕೋಳಿಕಾಲಿಗಿಂತ ಎಷ್ಟೋ ವಾಸಿ.

ಇಷ್ಟೇ ತಮಾಷೆ. ನಾನು ದೊಡ್ಡ ಫಜೀತಿಯಲ್ಲಿ ಬಿದ್ದಿದ್ದೇನೆ.

ಆ ಮುದುಕಿ, ನಾನಿಟ್ಟ ಹೆಸರು ಕೊಡೆಯಮ್ಮ, ಈಗ ಪ್ರತಿ ಗುರುವಾರ ಬರುತ್ತಾಳೆ. ಬಂದವಳು ಗಂಡನ ಹತ್ತಿರ ಹೋಗುವುದಿಲ್ಲ. ನನ್ನ ಸ್ಟೂಲು ಕೇಳಿ ತೆಗೆದುಕೊಂಡು ಬೇಲಿಗಿಡದ ಮರೆಯಲ್ಲಿ ಕೂರುತ್ತಾಳೆ. ಕಾಲುನೋವಿಗೆ ನೆರಳು ಬೇಕೇನೋ ಅಂದುಕೊಂಡಿದ್ದೆ. ಫ್ಲಾಸ್ಕಿನಲ್ಲಿ ಚಹಾ ತರುತ್ತಾಳೆ, ಮುಚ್ಚಳದಲ್ಲಿ ನನಗೂ ಬಗ್ಗಿಸಿ ಕೊಡುತ್ತಾಳೆ. ಹೋದ ವಾರ ಚಹಾ ಕುಡಿಯುತ್ತಿದ್ದಾಗ ಮೆಲ್ಲಗೆ ಕೇಳಿದಳು, “ಅವಳು ನೋಡೋಕೆ ಹೇಗಿದಾಳಪ್ಪಾ?”

“ಯಾರಮ್ಮಾ?”

“ಹೂ ತರೋಳು.”

ಅಕ್ಕಾ, ಚಹಾ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅವಳು ಬೆನ್ನು ತಟ್ಟುತ್ತಾ ಹೇಳಿದಳು, “ಗಾಬರಿ ಬೀಳಬೇಡ, ನಾನು ಜಗಳ ಮಾಡೋಳಲ್ಲ. ನಲವತ್ತಾರು ವರ್ಷ ಬಾಳಿದೀನಿ ಆ ಮನುಷ್ಯನ ಜೊತೆ. ಮನೇಲಿ ಹೂವಿಟ್ರೆ ಸೀನು ಬರುತ್ತೆ ಅಂತ ಒಂದು ದಿನಕ್ಕೂ ಹೂ ತರಲಿಲ್ಲ. ಈಗ ನೋಡು, ವಾರವಾರ ಗುಲಾಬಿ! ಕಲ್ಲಿನ ಮುಂದೆ ಹುಲ್ಲು ಹೇಗೆ ಸವೆದಿದೆ ನೋಡಿದೀಯಾ? ವರ್ಷಗಟ್ಟಲೆ ಯಾರೋ ನಿಂತಿದಾರೆ.”

ಆ ಹುಲ್ಲು ಸವೆದದ್ದು ನನ್ನ ಕಾಲಿನಿಂದ. ಡಬ್ಬಿ ಇಟ್ಟು ಸ್ವಲ್ಪ ಹೊತ್ತು ನಿಂತು, “ಏನ್ ಸ್ವಾಮಿ, ಚೆನ್ನಾಗಿದೀರಾ” ಅಂತ ಮಾತಾಡಿಸುತ್ತಿದ್ದೆ. ಒಂಟಿ ಬದುಕಲ್ಲವೇ, ಯಾರನ್ನಾದರೂ ಮಾತಾಡಿಸಬೇಕು.

ಅವಳು ನನಗೊಂದು ಕೆಲಸ ಹಚ್ಚಿ ಹೋಗಿದ್ದಾಳೆ. ತಾನಿಲ್ಲದ ದಿನಗಳಲ್ಲಿ ನಾನು ಕಾದಿದ್ದು ಆ ಹೆಂಗಸನ್ನು ನೋಡಿ ಹೇಳಬೇಕಂತೆ. ನಾನೇ ನನ್ನನ್ನು ಹಿಡಿದು ಕೊಡಬೇಕು! ನಗು ಬರುತ್ತದೆ, ಸಂಕಟವೂ ಆಗುತ್ತದೆ. ಅವಳು ಬರತೊಡಗಿದ ಮೇಲೆ ಆ ಸಮಾಧಿಗೆ ಹೂ ಇಡುವುದನ್ನು ನಿಲ್ಲಿಸಿಬಿಟ್ಟಿದ್ದೇನೆ.

ನಿಜ ಹೇಳಿಬಿಡಲೇ? ಹೇಳಿದರೆ ಆ ಮುದುಕಿ ಸುಮ್ಮನಿರುವವಳಲ್ಲ, ಸಂತೋಷಕ್ಕೆ ಊರಿಗೆಲ್ಲ ಸಾರುತ್ತಾಳೆ. ಕೀಲಿ ಸಾಹೇಬರ ಕಿವಿಗೆ ಬಿದ್ದರೆ ನನ್ನ ಪಾತ್ರೆಯೂ ರಸ್ತೆಗೆ. ಹೇಳದಿದ್ದರೆ ಒಂದು ತಪ್ಪೂ ಮಾಡದ ಸತ್ತ ಮನುಷ್ಯ ಕಳ್ಳನಾಗುತ್ತಾನೆ. ನೀನು ಹೇಳಿದ ಹಾಗೆ ಮಾಡುತ್ತೇನೆ. ನಿನ್ನ ಬುದ್ಧಿಯೇ ನನಗೆ ಯಾವಾಗಲೂ ದಾರಿ ತೋರಿಸಿದ್ದು.

ತಮ್ಮ


ಮಾರ್ಚ್ 15

ತಮ್ಮಾ,

ಹೇಳಬೇಡ.

ಹೇಳಿ ನಿನಗೇನು ಸಿಗುತ್ತದೆ? ಅವಳ ಅನುಮಾನ ನಾಲ್ಕು ದಿನದ್ದು, ನಿನ್ನ ಕೆಲಸ ಹೊಟ್ಟೆಪಾಡಿನದು. ವಯಸ್ಸಾದವರಿಗೆ ಹೊತ್ತು ಹೋಗಲು ಏನಾದರೊಂದು ಬೇಕು, ಇವತ್ತು ಇದು, ನಾಳೆ ಮಂಡಿನೋವು. ಹೂ ಬರದಿದ್ದರೆ ತಾನಾಗಿ ಮರೆಯುತ್ತಾಳೆ. ಆ ಡಬ್ಬಿಗಳನ್ನೆಲ್ಲ ತೆಗೆದು ಗುಜರಿಯವನಿಗೆ ಹಾಕು, ಹನ್ನೊಂದನ್ನೂ. ಒಂದೂ ಉಳಿಯಕೂಡದು. ಕೆಲಸ ಹೋದರೆ ಮನೆಯೂ ಹೋಗುತ್ತದೆ ಎಂಬುದನ್ನು ಮರೆಯಬೇಡ.

ಕೋಣೆಯ ಬಿಸಿಲಿನ ವಿಷಯ ನೀನು ಬರೆಯಲೇ ಇಲ್ಲ.

ಅಕ್ಕ


ಏಪ್ರಿಲ್ 11

ಅಕ್ಕಾ,

ನೀನು ಹೇಳಿದಂತೆ ಮಾಡಿದೆ. ಹನ್ನೊಂದೂ ಡಬ್ಬಿ ಗುಜರಿಗೆ ಹೋಯಿತು. ಈಗ ಗುರುವಾರದ ಹೂವೆಲ್ಲ ಗುಂಡಿಗೇ. ಗುಂಡಿ ನೋಡಲು ಮದುವೆ ಮನೆಯ ಹಾಗಿದೆ.

ಅವಳು ಮರೆಯಲಿಲ್ಲ. ಹೂ ನಿಂತದ್ದೇ ದೊಡ್ಡ ಸಾಕ್ಷಿಯಾಯಿತು. “ನೋಡಿದೆಯಾ? ನಾನು ವಾಪಸ್ ಬಂದಿದ್ದು ಅವಳಿಗೆ ಗೊತ್ತಾಗಿದೆ. ತಪ್ಪಿಲ್ಲದೋಳಾಗಿದ್ರೆ ಯಾಕೆ ನಿಲ್ಲಿಸ್ತಾ ಇದ್ಲು?” ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಕಳ್ಳ ಇಲ್ಲಿ ನಾನೇ, ಆದರೆ ಅವಳು ನನ್ನ ಹೆಗಲನ್ನು ನೋಡುತ್ತಲೇ ಇಲ್ಲ.

ಹೋದ ವಾರ ಒಂದು ದೊಡ್ಡ ಗಂಟು ಹೊತ್ತು ತಂದಳು. ಕೋಲು, ಕೊಡೆ, ಗಂಟು, ಆ ಮುರಿದ ಸೊಂಟ! ಓಡಿಹೋಗಿ ಇಸಿದುಕೊಂಡೆ. ಒಳಗೆ ಅವಳ ಗಂಡನ ಮಳೆಕೋಟು, ಬೂಟು, ಎರಡು ಅಂಗಿ. “ಮನೇಲಿ ಇಟ್ಕೊಳ್ಳೋಕೆ ಮನಸ್ಸಿಲ್ಲ. ನೀನು ಮಳೇಲಿ ನೆನೀತೀಯ, ಹಾಕ್ಕೋ. ಕಂಡೋರಿಗೆ ಕೊಡೆ ಹಿಡಿಯೋನು ನೀನು, ನಿನಗೊಂದು ಕೋಟಿಲ್ಲ” ಅಂದಳು. ಬೇಡವೆಂದೆ, ಕೇಳಲಿಲ್ಲ, ನಿಂತು ತೊಡಿಸಿಯೇ ಬಿಟ್ಟಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಸರಿಯಾಗಿ ಕೂತಿತು. ಜೇಬಿನಲ್ಲಿ ಒಂದು ಚೀಟಿ ಇತ್ತು, ಅವನ ಕೈಬರಹವಿರಬೇಕು. “ಅವಳ ಕನ್ನಡಕ ರಿಪೇರಿ. ಬಿಸಿನೀರಿನ ಚೀಲ.” ಅಷ್ಟೇ. ಹೆಂಡತಿಯ ಕನ್ನಡಕವನ್ನು ಮರೆಯಬಾರದೆಂದು ಬರೆದಿಟ್ಟುಕೊಂಡ ಗಂಡ ಅವನು. ಚೀಟಿಯನ್ನು ಅವಳಿಗೆ ಕೊಟ್ಟೆ. ಓದಿ, “ಯಾವಳ ಕನ್ನಡಕವೋ” ಅಂದಳು.

ಈಗ ಕೇಳು. ಅವಳು ಕಚೇರಿಗೆ ಅರ್ಜಿ ಕೊಟ್ಟಿದ್ದಾಳೆ. ಕಲ್ಲಿನಿಂದ ತನ್ನ ಹೆಸರನ್ನು ಕೆರೆದು ಹಾಕಬೇಕು, ಗಂಡನ ಪಕ್ಕದ ಜಾಗ ತನಗೆ ಬೇಡ. ಆ ತುದಿಯಲ್ಲಿ, ಗೊಬ್ಬರದ ಗುಂಡಿಯ ಹತ್ತಿರ ಒಂದು ಜಾಗ ಬರೆಸಿಕೊಂಡಿದ್ದಾಳೆ. ಕಲ್ಲುಕುಟಿಗ ಈ ತಿಂಗಳ 29ಕ್ಕೆ ಬರುತ್ತಾನೆ.

ಅಕ್ಕಾ, ಇದು ನಾಲ್ಕು ದಿನದ ಅನುಮಾನ ಅಲ್ಲ. ಹೇಳಲೇ?

ಹಿಂದಿನ ಕೋಣೆಗೆ ಹತ್ತು ಗಂಟೆಯವರೆಗೆ ಬಿಸಿಲು ಬೀಳುತ್ತದೆ. ಈಗ ಅಲ್ಲಿ ಗುದ್ದಲಿ, ಪೈಪು ಇಟ್ಟಿದ್ದೇನೆ. ಯಾಕೆ, ನನ್ನ ಗುದ್ದಲಿಗೆ ಚಳಿಯಾಗುತ್ತದೆಂದು ಚಿಂತೆಯೇ?

ತಮ್ಮ


ಏಪ್ರಿಲ್ 20

ಅಕ್ಕಾ,

ಹಿಂದಿನ ಕಾಗದ ತಲುಪಿತೇ? ಇನ್ನು ಒಂಬತ್ತು ದಿನವಿದೆ. ರಾತ್ರಿ ನಿದ್ದೆಯಿಲ್ಲ. ನೀನು ಒಂದು ಸಲ “ಹೂಂ” ಅನ್ನು, ಹೇಳಿಬಿಡುತ್ತೇನೆ. ಕೆಲಸ ಹೋದರೆ ನಿನ್ನಲ್ಲಿಗೇ ಬರುತ್ತೇನೆ, ನರ್ಸರಿಯಲ್ಲಿ ಮಣ್ಣು ಹೊರುತ್ತೇನೆ. ಅಷ್ಟೇ ತಾನೇ?

ತಮ್ಮ


ಏಪ್ರಿಲ್ 25

ತಮ್ಮಾ,

ಬೇಡ ಅಂದರೆ ಬೇಡ. ಇಲ್ಲಿಗೆ ಬರುವ ಮಾತು ಎತ್ತಬೇಡ, ಇಲ್ಲಿ ಜಾಗವಿಲ್ಲ. ಯಾರದೋ ಗಂಡ, ಯಾರದೋ ಕಲ್ಲು. ಎಲ್ಲಿ ಹೂತರೆ ಏನು, ಮಣ್ಣು ಒಂದೇ. ನಿನಗೆ ಸ್ವಂತದವರಿಗಿಂತ ಬೀದಿಯವರೇ ಹೆಚ್ಚಾದರಾ?

ಅಕ್ಕ


ಮೇ 1

ಅಕ್ಕಾ,

ನಿನ್ನ ಕಾಗದ ಕೈಗೆ ಬಂದದ್ದು 28ರ ಮಧ್ಯಾಹ್ನ. ಓದಿ ಸಿಟ್ಟು ಬಂತು. ಹೂವಿಡಲು ಕಲಿಸಿದವಳು ನೀನು, ಈಗ ಮಣ್ಣು ಒಂದೇ ಅನ್ನುವವಳೂ ನೀನು! ಟೈಲರಮ್ಮ ತನ್ನದೇ ಮಾತು ಬರೆದಳೇನೋ ಅಂತಲೂ ಅನಿಸಿತು. ನಾನು ನಿನ್ನ ಮಾತು ಮೀರಿದೆ.

29ರ ಬೆಳಿಗ್ಗೆ ಕಲ್ಲುಕುಟಿಗ ಉಳಿ ಸುತ್ತಿಗೆ ಬಿಚ್ಚುತ್ತಿದ್ದಾಗ ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಹೇಳಿದೆ. “ಅಮ್ಮಾ, ಆ ಹೂ ಇಟ್ಟಿದ್ದು ನಾನು. ಗುಂಡಿಗೆ ಹಾಕಬೇಕಾದ ಹೂವದು. ಯಾವ ಹೆಂಗಸೂ ಇಲ್ಲ. ಹುಲ್ಲು ಸವೆಸಿದ್ದೂ ನಾನೇ.”

ಅವಳು ನನ್ನನ್ನೇ ನೋಡಿದಳು. ಆಮೇಲೆ ನನ್ನ ತಲೆ ಸವರಿದಳು. “ನನಗೆ ಗೊತ್ತಿತ್ತು, ನೀನು ಹೀಗೇನಾದ್ರೂ ಹೇಳ್ತೀಯ ಅಂತ” ಅಂದಳು.

“ನಿಜ ಅಮ್ಮಾ!”

“ಮೊದಲನೇ ದಿನ ಕೇಳಿದಾಗ ಗೊತ್ತಿಲ್ಲ ಅಂದೆ. ಆವತ್ತು ನಾನು ಯಾರೋ, ನೀನು ಯಾರೋ, ಸುಳ್ಳು ಹೇಳೋಕೆ ನಿನಗೇನಿತ್ತು? ಇವತ್ತು ನಾನು ನಿನಗೆ ಬೇಕಾದೋಳು. ಮುದುಕಿ ಅಳಬಾರದು ಅಂತ ಹೇಳ್ತಾ ಇದೀಯ.”

ಇನ್ನೂ ಹತ್ತು ಸಮಾಧಿಗೆ ಇಡುತ್ತಿದ್ದೆ, ಬನ್ನಿ ತೋರಿಸುತ್ತೇನೆ ಎಂದು ಆ ಕಾಲಿನಲ್ಲಿ ಅವಳನ್ನು ಏಳನೇ ಸಾಲಿನವರೆಗೂ ನಡೆಸಿದೆ. ಅಲ್ಲಿ ಏನಿತ್ತು ತೋರಿಸಲು? ಡಬ್ಬಿ ಗುಜರಿಯಲ್ಲಿ. ಒಂದೂವರೆ ತಿಂಗಳಿಂದ ನಾನು ಕಾಲಿಡದೆ ಹುಲ್ಲು ಸೊಂಪಾಗಿ ಬೆಳೆದು ನಿಂತಿತ್ತು. ಅವಳು ಬಗ್ಗಿ ನೋಡಿದಳು, ನನ್ನ ಭುಜ ತಟ್ಟಿದಳು.

ಆಗ ನನಗೊಂದು ಹುಚ್ಚು ಧೈರ್ಯ ಬಂತು. ಕೆಲಸ ಕಳೆದುಕೊಳ್ಳಲು ಯಾರಾದರೂ ಸುಳ್ಳು ಹೇಳುತ್ತಾರೆಯೇ? ಕೀಲಿ ಸಾಹೇಬರನ್ನು ಕರೆತಂದು ಅವರೆದುರಿಗೇ ಹೇಳಿದೆ, “ಒಂದು ವರ್ಷದಿಂದ ಗುಲಾಬಿ ತೆಗೆದು ಸಮಾಧಿಗೆ ಇಟ್ಟೋನು ನಾನು.” ಅವರ ಮುಖ ಗಂಟಾಯಿತು. ಗೊಂಚಲಿನಿಂದ ನನ್ನ ಮನೆಯ ಕೀಲಿಯ ಜೋಡಿಯನ್ನು ಅಲ್ಲೇ ಹುಡುಕತೊಡಗಿದರು. “ಹದಿನೈದನೇ ತಾರೀಖಿಗೆ ಮನೆ ಖಾಲಿ ಮಾಡು” ಅಂದರು.

ಕೊಡೆಯಮ್ಮ ಅವರ ಮುಂದೆ ಕೋಲು ಅಡ್ಡ ಹಿಡಿದಳು. “ಅವನು ಮಾಡಿಲ್ಲ ಸ್ವಾಮಿ! ನನಗೋಸ್ಕರ ಹೇಳ್ತಾ ಇದಾನೆ. ಇಂಥ ಒಳ್ಳೇ ಮನುಷ್ಯನ್ನ ಬೀದಿಗೆ ಹಾಕಬೇಡಿ” ಎಂದು ಕೈ ಮುಗಿದಳು. ಅವಳು ನನ್ನನ್ನು ನಿರಪರಾಧಿ ಅನ್ನುತ್ತಾಳೆ, ನಾನು ಅಪರಾಧಿ ಅನ್ನುತ್ತೇನೆ. ಕಲ್ಲುಕುಟಿಗ ನಡುವೆ ಉಳಿ ಹಿಡಿದು, “ಕೆರೀಲಾ, ಬೇಡ್ವಾ? ನನಗೆ ಇನ್ನೊಂದು ಕಡೆ ಹೋಗಬೇಕು” ಅಂದ.

“ಕೆರಿ” ಅಂದಳು.

ಹೆಸರು ಹೋಗಲು ಇಪ್ಪತ್ತು ನಿಮಿಷ ಹಿಡಿಯಿತು. ಹುಟ್ಟಿದ ವರ್ಷ ಆಳವಾಗಿ ಕೂತಿತ್ತು, ಅದಕ್ಕೆ ಇನ್ನೂ ಹತ್ತು. ಅಷ್ಟು ಹೊತ್ತೂ ನಾನು ಅವಳಿಗೆ ಕೊಡೆ ಹಿಡಿದಿದ್ದೆ.

ಜಗತ್ತಿನಲ್ಲಿ ನನ್ನ ಮಾತನ್ನು ನಂಬಿದವರು ಒಬ್ಬರೇ, ಕೀಲಿ ಸಾಹೇಬರು.

ತಮ್ಮ


ಮೇ 10

ತಮ್ಮಾ,

ಹಾಳಾಗಿ ಹೋದೆಯಲ್ಲೋ. ನನ್ನನ್ನೂ ಹಾಳು ಮಾಡಿದೆ.

ಟೈಲರಮ್ಮನನ್ನು ಬೈಯಬೇಡ. ಅವಳು ಒಂದು ಅಕ್ಷರವನ್ನೂ ಸೇರಿಸಿಲ್ಲ. ಆ ಕೊನೆಯ ಕಾಗದ ಬರೆಯುವಾಗ, “ಇಷ್ಟು ಕಠಿಣವಾಗಿ ಬೇಡಕ್ಕಾ” ಎಂದು ಎರಡು ಸಲ ಪೆನ್ನು ಕೆಳಗಿಟ್ಟಳು. ಬರಿ ಎಂದು ಗದರಿಸಿ ಬರೆಸಿದವಳು ನಾನು.

ನರ್ಸರಿಯವರು ನನ್ನನ್ನು ಡಿಸೆಂಬರಿನಲ್ಲೇ ಬಿಡಿಸಿದರು. ಬಲಗೈಯ ಮೂರು ಬೆರಳು ಮಡಚಿಕೊಂಡಿವೆ, ಬಿಚ್ಚುವುದಿಲ್ಲ. ಮೂವತ್ತು ವರ್ಷ ಕಸಿ ಚಾಕು ಹಿಡಿದರೆ ಹೀಗೇ ಆಗುತ್ತದೆಯಂತೆ. ಕೈ ಸೇದಿಹೋಗುತ್ತೆ ಅಂತ ನಿನಗೆ ಹೇಳಿದ್ದೆ, ಸೇದಿಹೋದದ್ದು ನನ್ನದು. ನರ್ಸರಿಯ ಕೋಣೆ ಬಿಟ್ಟು ಬಂದ ದಿನದಿಂದ ಟೈಲರಮ್ಮನ ಮಿಷಿನ್ನಿನ ಪಕ್ಕದಲ್ಲಿ ಮಲಗುತ್ತೇನೆ. ಅವಳು ಊಟ ಹಾಕುತ್ತಾಳೆ, ಜಡೆ ಹೆಣೆಯುತ್ತಾಳೆ, ಕಾಗದ ಬರೆಯುತ್ತಾಳೆ. ನನಗೆ ಅವಳು ಏನೂ ಆಗಬೇಕಾದವಳಲ್ಲ. ಮುಂದಿನ ತಿಂಗಳು ಅವಳ ಮಗಳು ಬಾಣಂತನಕ್ಕೆ ಬರುತ್ತಾಳೆ, ಎಷ್ಟು ದಿನವೆಂದು ನಾನು ಅಲ್ಲಿ ಕಾಲು ಚಾಚಲಿ?

ನಿನ್ನ ಹಿಂದಿನ ಕೋಣೆಗೆ ಬರಬೇಕೆಂದಿದ್ದೆ. ಬೆಳಗಿನ ಬಿಸಿಲಿಗೆ ಬೆರಳು ಒಡ್ಡಿದರೆ ಸ್ವಲ್ಪ ಸಡಿಲವಾಗುತ್ತವೆ. ಕೇಳಲು ನಾಚಿಕೆ. ಎಂಟು ವರ್ಷದವನಿದ್ದಾಗಿನಿಂದ ನಿನ್ನನ್ನು ಸಾಕಿದವಳು ನಾನು, ಈಗ ನನ್ನನ್ನು ಸಾಕು ಎಂದು ಹೇಗೆ ಹೇಳಲಿ? ಅದಕ್ಕೇ ಬಾಯಿ ಮುಚ್ಚಿಕೊಂಡಿರು ಅಂದೆ. ನಿನ್ನ ಹಿತಕ್ಕೆ ಹೇಳಿದ ಬುದ್ಧಿ ಅಲ್ಲ ಅದು, ನನ್ನ ಹಿತಕ್ಕೆ ಹೇಳಿದ್ದು. ಸತ್ತವನ ಮಾನ ಹೋದರೆ ಹೋಗಲಿ, ನನಗೊಂದು ಕೋಣೆ ಸಿಗಲಿ ಎಂದು. ಡಬ್ಬಿ ಎಸೆಯಲು ಹೇಳಿದ್ದೂ ನಾನೇ. ಅವು ಇದ್ದಿದ್ದರೆ ಅವಳು ನಂಬುತ್ತಿದ್ದಳೇನೋ.

ನಿನ್ನ ಮೇಲೆ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಆದರೂ ಕೈ ಪೂರ್ತಿ ಹೋಗುವ ಮೊದಲು ಕಟ್ಟಿದ ಕೊನೆಯ ಕಸಿಯೊಂದು ಕುಂಡದಲ್ಲಿದೆ. ಹಳದಿ ಗುಲಾಬಿ, ನಾಲ್ಕು ಮೊಗ್ಗು ಬಿಟ್ಟಿದೆ. ನಿನಗೆಂದೇ ಇಟ್ಟಿದ್ದೇನೆ. ಎಲ್ಲಿಗೆ ಹೋಗುತ್ತೀಯೋ ಬರೆ.

ಅಕ್ಕ


ಜೂನ್ 7

ಅಕ್ಕಾ,

ಹೊರಟು ಬಾ. ನಿನಗೆ ಕೋಣೆ ಸಿಕ್ಕಿದೆ, ಹನ್ನೊಂದು ಗಂಟೆಯವರೆಗೂ ಬಿಸಿಲು ಬೀಳುತ್ತದೆ, ಹಳೆಯದಕ್ಕಿಂತ ಒಂದು ಗಂಟೆ ಹೆಚ್ಚು.

ಇದು ಕೊಡೆಯಮ್ಮನ ಮನೆ. ಹದಿನೈದಕ್ಕೆ ನಾನು ಹಾಸಿಗೆ ಸುತ್ತಿ ಗೇಟಿನ ಹೊರಗೆ ನಿಂತಿದ್ದಾಗ ಕೋಲೂರಿಕೊಂಡು ಬಂದಳು. “ನನ್ನಿಂದ ಬೀದಿಗೆ ಬಿದ್ದೆ, ನನ್ನ ಮನೆಗೇ ಬಾ” ಅಂದಳು. ಹಿತ್ತಿಲಲ್ಲಿ ಎರಡು ಕೋಣೆ ಖಾಲಿ ಇವೆ. ನಿನ್ನ ಬೆರಳಿನ ವಿಷಯ ಹೇಳಿದೆ, ಕರೆಸು ಅಂದಳು. ನಾನು ಅವಳ ಹಿತ್ತಿಲು ನೋಡಿಕೊಳ್ಳುತ್ತೇನೆ, ಸಾಮಾನು ತಂದು ಕೊಡುತ್ತೇನೆ, ಊರಿನ ನಾಲ್ಕು ಮನೆಯ ಬೇಲಿ ಸವರುತ್ತೇನೆ. ಅವಳ ಗಂಡನ ಮಳೆಕೋಟು ಬಾಗಿಲ ಹಿಂದೆ ಅವನದೇ ಮೊಳೆಗೆ ಮತ್ತೆ ತೂಗುಬಿದ್ದಿದೆ.

ಮೊನ್ನೆ ಗುರುವಾರ ಅವಳು ತನ್ನ ಹೊಸ ಜಾಗ ನೋಡಿ ಬರಬೇಕೆಂದಳು, ಕರೆದುಕೊಂಡು ಹೋದೆ. ದಾರಿಯಲ್ಲಿ ಮೂಲೆಯ ಸಾಲು ಸಿಗುತ್ತದೆ. ಅವಳ ಗಂಡನ ಕಲ್ಲಿನ ಮುಂದೆ ಒಂದು ಎಣ್ಣೆ ಡಬ್ಬಿ, ಅದರ ತುಂಬ ಹಳದಿ ಗುಲಾಬಿ.

ನನ್ನ ಜಾಗಕ್ಕೆ ಬಂದ ಮಾಲಿ ವಯಸ್ಸಾದವನು, ಸದಾ ಕೆಮ್ಮುತ್ತಿರುತ್ತಾನೆ, ಹೆಂಡತಿಗೆ ಕಣ್ಣು ಕಾಣುವುದಿಲ್ಲ. ದೂರದಲ್ಲಿ ಕತ್ತರಿ ಹಿಡಿದು ನಿಂತಿದ್ದ. ನಮ್ಮನ್ನು ನೋಡಿ, ಡಬ್ಬಿಯನ್ನು ನೋಡಿ, ಮುಖ ಬಿಳಿಚಿಕೊಂಡ. ನನಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಆ ಕಲ್ಲಿನ ಮುಂದೆ ಹುಲ್ಲು ಮತ್ತೆ ಬೆಳೆದಿತ್ತು. ಯಾರೂ ಬರುವುದಿಲ್ಲ, ಪಾಪ, ಅಂದುಕೊಂಡಿದ್ದಾನೆ.

ಕೊಡೆಯಮ್ಮ ಹೂವನ್ನು ನೋಡಿದಳು, ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. “ನೋಡಪ್ಪಾ, ನೀನು ಕೆಲಸ ಬಿಟ್ಟು ಮೂರು ವಾರ ಆಯ್ತು. ಈಗ ಇಟ್ಟೋರು ಯಾರು? ಸುಳ್ಳು ಹೇಳೋದ್ರಲ್ಲಿ ನೀನು ಬಹಳ ದಡ್ಡ ಕಣೋ” ಅಂದಳು. ಹಾಗನ್ನುತ್ತಾ ನನ್ನ ಕೈ ಹಿಡಿದುಕೊಂಡಳು.

ಕೀಲಿ ಸಾಹೇಬರು ಗೇಟಿನ ಹತ್ತಿರ ಝಣಝಣ ಅನ್ನಿಸುತ್ತಿದ್ದರು. ನಾನು ಬಾಯಿ ತೆರೆದಿದ್ದರೆ ಆ ಕೆಮ್ಮುವ ಮನುಷ್ಯ ಕುರುಡು ಹೆಂಡತಿಯ ಕೈ ಹಿಡಿದು ಸಂಜೆಗೆ ರಸ್ತೆಯಲ್ಲಿರುತ್ತಿದ್ದ. “ಹೌದಮ್ಮಾ, ಸುಳ್ಳು ಹೇಳಿದ್ದೆ” ಅಂದೆ.

ಅವಳ ಸತ್ತ ಗಂಡನ ಮಾನ ತೆಗೆಯುವ ಕೆಲಸದಲ್ಲಿ ಒಂದು ಮಾತು ಬಾಕಿ ಇತ್ತು, ಅದನ್ನೂ ನಾನೇ ಆಡಿ ಮುಗಿಸಿದೆ. ನಿಜ ಹೇಳಿ ಮನೆ ಕಳೆದುಕೊಂಡೆ ಅಕ್ಕಾ, ಸುಳ್ಳುಗಾರನೆಂದು ಮನೆ ಸಿಕ್ಕಿದೆ. ಅವಳು ದಿನಾ ನನಗೆ ಮೊದಲು ಚಹಾ ಬಗ್ಗಿಸಿ ಆಮೇಲೆ ತಾನು ಕುಡಿಯುತ್ತಾಳೆ. ಕೊಟ್ಟಿದ್ದನ್ನು ನಾನು ಕುಡಿಯುತ್ತೇನೆ.

ನಿನ್ನ ಮೇಲೆ ನನಗೆ ಸಿಟ್ಟಿತ್ತು, ಈಗ ಇಲ್ಲ. ನೀನು ಮಾಡಿದ್ದನ್ನೇ ನಾನೂ ಮಾಡಿದ್ದೇನೆ. ಟೈಲರಮ್ಮನಿಗೆ ನನ್ನ ನಮಸ್ಕಾರ ಹೇಳು. ಶನಿವಾರದ ಬಸ್ಸಿಗೆ ಬಾ, ನಿಲ್ದಾಣದಲ್ಲಿ ಕಾದಿರುತ್ತೇನೆ.

ಆ ಗುಲಾಬಿ ಕುಂಡವನ್ನು ಮಾತ್ರ ತರಬೇಡ. ಟೈಲರಮ್ಮನಿಗೇ ಕೊಟ್ಟು ಬಾ. ಈ ಹಿತ್ತಿಲಲ್ಲಿ ಅದು ಹೂ ಬಿಟ್ಟರೆ ನಾನು ಅದನ್ನು ಕತ್ತರಿಸಿ ಎಲ್ಲಿಡಲಿ?

ತಮ್ಮ